ಕ್ಲಬ್ಬಿನಲ್ಲಿ ಅರ್ಧಕ್ಕೆ ನಿಂತ ಸಿನಿಮಾ

ಅದು ಆಗುವ ಮಾತಲ್ಲ ಎಂದವನು ನಮ್ಮ ದೊಡ್ಡಪ್ಪ ಮುನಿವೆಂಕಟಪ್ಪ. ಊಟಕ್ಕೆ ಕೂತು ಹೇಳಿದ. ಮುದ್ದೆ ಮುರಿದು, ಹುರುಳಿಕಾಳಿನ ಸಾರಿನಲ್ಲಿ ಅದ್ದಿ, ನುಂಗಿ, ಮುಂದಿನ ತುತ್ತಿಗೆ ಕೈ ಹಾಕುವ ಮೊದಲು ಸಿಗುವ ಅಷ್ಟು ಹೊತ್ತಿನಲ್ಲಿ ನನ್ನ ಓದಿನ ವಿಷಯ ಮುಗಿಸಿಬಿಟ್ಟ.

“ದಿನಾ ಬಂಗಾರಪೇಟೆಗೆ ಓಗಿ ಬರೋದಾ? ಎಣ್ಣುಡ್ಗಿ? ಅದು ಈ ಮನೇಗೆ ಆಗೋ ಮಾತಲ್ಲ ಕಣ್ಲಾ ನಾರಾಯ್ಣ. ಅತ್ತನೇ ಕ್ಲಾಸೇ ಜಾಸ್ತಿ ಆತು.”

ನಾರಾಯಣಪ್ಪ ಎಂದರೆ ನಮ್ಮಪ್ಪ. ತಲೆ ಎತ್ತದೆ “ನೋಡಾಣ ಬಿಡಣ್ಣ” ಅಂದ. ಒಳಗೆ ಒಲೆಯ ಮುಂದೆ ಇದ್ದ ಅಮ್ಮ ಮುದ್ದೆಕೋಲನ್ನು ಪಾತ್ರೆಗೆ ಒಂದು ಸಲ ಜೋರಾಗಿ ಬಡಿದಳು. ಅಮ್ಮನ ಅಭಿಪ್ರಾಯ ಆ ಮನೆಯಲ್ಲಿ ಕೇಳಿಸುತ್ತಿದ್ದುದು ಹಾಗೆ, ಪಾತ್ರೆಗಳ ಮೂಲಕ. ಅಪ್ಪನ ಅಭಿಪ್ರಾಯ ಯಾವತ್ತೂ ‘ನೋಡಾಣ’. ಹಸುವಿಗೆ ಕೆಚ್ಚಲು ಬಾವು ಬಂದರೂ ನೋಡಾಣ, ಹೆಂಚು ಒಡೆದು ಅಕ್ಕಿಡಬ್ಬಿಗೆ ಮಳೆ ಸುರಿದರೂ ನೋಡಾಣ. ಈ ಒಂದು ಮಾತಿನ ಮೇಲೆ ನನಗಿದ್ದ ಸಿಟ್ಟು ದೊಡ್ಡಪ್ಪನ ಮೇಲೂ ಇರಲಿಲ್ಲ. ದೊಡ್ಡಪ್ಪ ಕನಿಷ್ಠ ಬೇಡ ಅನ್ನುತ್ತಿದ್ದ. ಬೇಡ ಅನ್ನುವವನ ಹತ್ತಿರ ಜಗಳವಾದರೂ ಆಡಬಹುದು.

ಕಾಮಸಮುದ್ರದಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆ ಎಂದರೆ ಒಂದು ಉದ್ದನೆಯ ಪಡಸಾಲೆ, ಅದರ ಎಡಕ್ಕೆ ಹಸುಗಳು, ಬಲಕ್ಕೆ ನಾವು. ನಡುವೆ ಮೊಣಕಾಲೆತ್ತರದ ಗೋಡೆ. ನಾನು ಓದಿದ್ದೆಲ್ಲ ಆ ಗೋಡೆಯ ಮೇಲೆ ಕೂತು. ನನ್ನ ಭೂಗೋಳದ ನೋಟ್ಸಿನ ಎರಡು ಪುಟವನ್ನು ಸೀಮೆಹಸು ತಿಂದಿದೆ. ಪರೀಕ್ಷೆಯಲ್ಲಿ ಆ ಎರಡು ಪುಟದಿಂದಲೇ ಪ್ರಶ್ನೆ ಬಂತು. ಹಿಂದಿನ ಕೋಣೆ ಅಜ್ಜಿಯದು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಸಿರು ಬಣ್ಣದ ಒಂದು ತಗಡಿನ ಟ್ರಂಕು. ಮನೆಯ ಯಾವ ಕಾಗದವಾದರೂ ಅದರೊಳಗೆ ಹೋಗಬೇಕು: ರೇಷನ್ ಕಾರ್ಡು, ಹೊಲದ ಪಹಣಿ, ಹಸುಗಳ ವಿಮೆಯ ಚೀಟಿ. ಬೀಗದ ಕೈ ಅಜ್ಜಿಯ ಸೊಂಟದ ಎಲೆಅಡಿಕೆ ಚೀಲದಲ್ಲಿ. ಒಂದಕ್ಷರ ಓದಲು ಬಾರದ ಮುದುಕಿ ಮನೆಯ ಅಕ್ಷರವನ್ನೆಲ್ಲ ಕಾಯುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ, ಶಾಲೆಯಿಂದ ನನ್ನ ಟಿ.ಸಿ. ಬಿಡಿಸಿಕೊಂಡು ಬಂದವನು ದೊಡ್ಡಪ್ಪ. ಮನೆಯ ಹಿರಿಯ ಎಂದು ಹೆಡ್ ಮೇಷ್ಟ್ರು ಕೊಟ್ಟುಬಿಟ್ಟರು. ನೇರವಾಗಿ ತಂದು ಅಜ್ಜಿಯ ಕೈಗಿಟ್ಟ. ಅದಿಲ್ಲದೆ ಬಂಗಾರಪೇಟೆಯ ಕಾಲೇಜಿನಲ್ಲಿ ಅರ್ಜಿ ಮುಟ್ಟುವುದಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಅಜ್ಜಿಯ ಕಾಲು ಹಿಡಿದೆ. ಕೂಗಾಡಿದೆ. ಒಂದು ದಿನ ಉಣ್ಣಲಿಲ್ಲ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ್ದು ಇಷ್ಟು:

“ಓದೇನ್ ಮಾಡ್ಬೇಕಮ್ಮಿ? ಮಕ ನೋಡಿದ್ರೆ ಮನ್ಸ ಎಂಥೋನು ಅಂತ ನಂಗೆ ಗೊತ್ತಾಯ್ತದೆ. ಕಾಗ್ದ ನೋಡಿ ಯಾವೋಳು ಸಂಸಾರ ಮಾಡವ್ಳೆ?”

ಮುಖ ನೋಡಿ ತಿಳಿಯುವ ವಿದ್ಯೆಯ ಬಗ್ಗೆ ಅಜ್ಜಿಗೆ ಬಹಳ ಜಂಬ. ಅದಕ್ಕೆ ಅವಳು ಕೊಡುತ್ತಿದ್ದ ಉದಾಹರಣೆ ಯಾವಾಗಲೂ ಒಂದೇ. ತಾತ ತೀರಿಕೊಂಡ ವರ್ಷ ತಾತನ ದಾಯಾದಿಯೊಬ್ಬ ಬೆಲ್ಲ, ಎಲೆಅಡಿಕೆ ಹಿಡಿದು ಬಂದನಂತೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಜ್ಜಿಯನ್ನು ‘ಅಕ್ಕಾ’ ಎಂದು ಕರೆದು, ಕಣ್ಣೊರೆಸಿಕೊಂಡು, ಒಂದು ಕಾಗದ ನಿಧಾನವಾಗಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದನಂತೆ. ಅದರ ಮುಂದಿನ ಬೇಸಿಗೆಗೆ ಬಾವಿಯ ಹತ್ತಿರದ ಹೊಲ ನಮ್ಮದಾಗಿರಲಿಲ್ಲ. ತಾತ ಬದುಕಿದ್ದಾಗಲೇ ಮಾತು ಕೊಟ್ಟಿದ್ದಿರಬೇಕು, ಆವಯ್ಯನ ತಪ್ಪೇನೂ ಇಲ್ಲ ಎಂದು ಅಜ್ಜಿ ನಂಬಿದ್ದಳು. “ಏನ್ ಮರ್ಯಾದೆ ಅವನ್ದು! ಅಂಥ ಮನ್ಸ ಈಗೆಲ್ಲೂ ಇಲ್ಲ,” ಅನ್ನುತ್ತಿದ್ದಳು. ಅದೇ ವರ್ಷ ದೊಡ್ಡಪ್ಪ ನಾಲ್ಕನೇ ಕ್ಲಾಸು ಬಿಟ್ಟು ಊರವರ ಹಸು ಕಾಯಲು ಹೋದ. ಅದಕ್ಕೂ ಅಜ್ಜಿಯ ಹತ್ತಿರ ಕಾರಣವಿತ್ತು. ನೆಂಟರು ಬಂದಾಗಲೆಲ್ಲ, ದೊಡ್ಡಪ್ಪ ಎದುರಿಗಿದ್ದಾಗಲೇ ಹೇಳುತ್ತಿದ್ದಳು: “ನಮ್ ಮುನ್ವೆಂಕ್ಟಂಗೆ ಅಕ್ಸರ ತಲೇಗತ್ಲಿಲ್ಲ.” ದೊಡ್ಡಪ್ಪ ನಗುತ್ತಿದ್ದ. ಆ ನಗುವನ್ನು ನಾನು ಆಗ ಸರಿಯಾಗಿ ನೋಡಿರಲಿಲ್ಲ.

ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಹಾಲಿನ ಕ್ಯಾನು ಹಾಕಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋಗಿ, ಅಲ್ಲಿಂದ ಸೈಕಲ್ಲಿನಲ್ಲಿ ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಗಳಿಗೆ ಹಾಲು ಹಾಕುತ್ತಿದ್ದ. ಗಣಿ ಮುಚ್ಚಿದ ಮೇಲೆ ಹಾಲು ಅರ್ಧಕ್ಕಿಳಿಯಿತು, ಆದರೆ ಹೋಗುವುದು ನಿಲ್ಲಲಿಲ್ಲ. ಆ ಲೈನಿನಲ್ಲಿ ಒಂದು ಕ್ಲಬ್ಬಿತ್ತು. ತಗಡಿನ ಮಾಡು, ಕೇರಂ ಬೋರ್ಡು, ನಿಂತುಹೋದ ಗೋಡೆಗಡಿಯಾರ, ಹಳೆಯ ಗಣಿಕೆಲಸಗಾರರು. ಅದರ ಸೆಕ್ರೆಟರಿ ಸೆಲ್ವಂ ಮಾಮ, ಒಂದು ಕಾಲದಲ್ಲಿ ಸುರಂಗದೊಳಗೆ ಮರದ ಆಸರೆ ಕಟ್ಟುತ್ತಿದ್ದವನು. ಪ್ರಾಯದಲ್ಲಿ ಎಲ್ಲೋ ಯೂನಿಯನ್ನಿನವರು ತೋರಿಸಿದ ಒಂದು ಹಳೇ ಕಪ್ಪುಬಿಳುಪು ಸಿನಿಮಾ ನೋಡಿ, ಒಂದು ಮಾತೂ ಅರ್ಥವಾಗದೆ ಅತ್ತಿದ್ದನಂತೆ. ರಾಜಕೀಯದ ಸಿನಿಮಾ, ಯಾವ ದೇಶದ್ದು ಎಂದು ಅವನಿಗೂ ಖಚಿತವಿರಲಿಲ್ಲ. ಅದರ ಸಿ.ಡಿ. ಹೇಗೋ ಹುಡುಕಿಸಿ ತರಿಸಿದ್ದ, ಒಂದು ಭಾನುವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ತೋರಿಸಬೇಕೆಂದಿದ್ದ. ಆ ಕ್ಲಬ್ಬಿನ ಪದ್ಧತಿ ಏನೆಂದರೆ, ಬೇರೆ ಭಾಷೆಯ ಸಿನಿಮಾ ಹಾಕಿದಾಗ ಪರದೆಯ ಪಕ್ಕ ಸ್ಟೂಲಿನ ಮೇಲೆ ಒಬ್ಬರು ಮೈಕು ಹಿಡಿದು ಕೂತು ಕಥೆ ಹೇಳಬೇಕು. ಹೇಳುವವರಿಲ್ಲದೆ ಸಿನಿಮಾ ಇಲ್ಲ. ಇಂಗ್ಲಿಷ್ ಬಲ್ಲವರು ಇಬ್ಬರಿದ್ದರು. ಸೆಕ್ರೆಟರಿ ಚುನಾವಣೆಯಲ್ಲಿ ಇಬ್ಬರೂ ಸೋತು, ಇಬ್ಬರೂ ಸೆಲ್ವಂ ಮಾಮನ ಜೊತೆ ಮಾತು ಬಿಟ್ಟಿದ್ದರು. ಹೀಗಾಗಿ ಹಾಲಿನವನ ಮಗಳವರೆಗೆ ಮಾತು ಬಂತು. ಇಂಗ್ಲಿಷಿನಲ್ಲಿ ನಾನು ಶಾಲೆಗೇ ಮೊದಲು ಬಂದದ್ದನ್ನು ಅಪ್ಪ ಲೈನಿನ ಪ್ರತಿ ಬಾಗಿಲಲ್ಲೂ ಹಾಲಿನ ಜೊತೆ ಅಳೆದು ಹಾಕಿದ್ದ.

“ಕ್ಲಬ್ಬಿನೋರು ಸರ್ಟಿಫಿಕೇಟ್ ಕೊಡ್ತಾರಂತಮ್ಮಿ,” ಅಪ್ಪ ಗುಟ್ಟಿನಲ್ಲಿ ಹೇಳಿದ. “ಮೊಹರು ಒಡ್ದು. ಅದನ್ನ ತಂದು ಅಣ್ಣಂಗೆ ತೋರ್ಸಾಣ. ಅಷ್ಟು ಜನದ ಮುಂದೆ ಇಂಗ್ಲೀಸ್ ಓದ್ದೋಳು ಅಂದ್ರೆ ಅವ್ನೂ ಒಂದ್ ಸಲ ಯೋಚ್ನೆ ಮಾಡ್ತಾನೆ.”

ನಮ್ಮಪ್ಪ ಜೀವನದಲ್ಲಿ ಹೂಡಿದ ಒಂದೇ ತಂತ್ರ ಅದು. ಕಾಲೇಜಿಗೆ ಅರ್ಜಿ ಕೊಡಲು ಕೊನೆಯ ದಿನ ಆ ಭಾನುವಾರದ ಮರುದಿನ, ಸೋಮವಾರ. ನಾನು ಒಪ್ಪಿದೆ. ಸರ್ಟಿಫಿಕೇಟಿನ ಗುಟ್ಟನ್ನು ಅಪ್ಪ ತಾನೇ ಬಾಯಿಬಿಟ್ಟ ಮೇಲೆ, ಅಜ್ಜಿ ಜೊತೆಗೆ ಹೋದರೆ ಮಾತ್ರ ಎಂದು ದೊಡ್ಡಪ್ಪ ಷರತ್ತು ಹಾಕಿದ. ಅಜ್ಜಿ ನನಗಿಂತ ಮೊದಲು ಸೀರೆ ಉಟ್ಟು ಕೂತಳು. ಅವಳಿಗೆ ಸಿನಿಮಾ ಬೇಕಿರಲಿಲ್ಲ. ಇಪ್ಪತ್ತು ವರ್ಷದಿಂದ ತನ್ನ ಹಸುಗಳ ಹಾಲು ಕುಡಿದವರ ಮುಖ ನೋಡಬೇಕಿತ್ತು.

ಕ್ಲಬ್ಬಿಗೆ ಕಾಲಿಟ್ಟವಳೇ ಕೇಳಿದ್ದು:

“ನಮ್ಮಾಲಲ್ಲಿ ನೀರೈತೆ ಅಂದೋರ್ಯಾರು? ಒಸಿ ಮುಂದಕ್ಕೆ ಬರ್ರಿ, ಮಕ ನೋಡಾಣ.”

ಬೆಂಚಿನ ಮೇಲಿದ್ದ ಒಬ್ಬ ದಪ್ಪ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ನಾನ್ ದಾನ್ ಪಾಟಿ,” ಎಂದು ತಮಿಳಿನಲ್ಲಿ ಒಪ್ಪಿಕೊಂಡು, ಅಜ್ಜಿಗೆ ತನ್ನ ಪಕ್ಕದಲ್ಲೇ ಜಾಗ ಬಿಟ್ಟಳು.

ಕಿಟಕಿಗಳಿಗೆ ಗೋಣಿಚೀಲ ಹೊಡೆದಿದ್ದರು. ತಗಡು ಕಾದು ಒಳಗೆಲ್ಲ ಬಾಣಲೆ. ಸುಣ್ಣ ಬಳಿದ ಗೋಡೆಯೇ ಪರದೆ. ನಾನು ಸ್ಟೂಲಿನ ಮೇಲೆ ಮೈಕು ಹಿಡಿದು ಕೂತೆ. ಸೆಲ್ವಂ ಮಾಮ ಬೆನ್ನು ತಟ್ಟಿದ.

“ಭಯ ಬೇಡ ಪಾಪಾ. ಕೆಳಗೆ ಇಂಗ್ಲೀಷ್ ಬರ್ತದಲ್ಲ, ಅದು ನೋಡಿ ಕನ್ನಡದಲ್ಲಿ ಹೇಳ್ಬಿಡು. ಅವ್ಳೋದಾನ್.”

ಅಷ್ಟೇ ಅಂತೆ! ನನಗೆ ಇಂಗ್ಲಿಷ್ ಎಂದರೆ ಹಸುವಿನ ಮೇಲೆ ಹದಿನೈದು ಸಾಲು, ರಜಾ ಅರ್ಜಿ, ಮತ್ತು ಗೈಡಿನಿಂದ ಬಾಯಿಪಾಠ ಮಾಡಿದ ಪದ್ಯದ ಸಾರಾಂಶ. ಅದು ಇಂಗ್ಲಿಷಲ್ಲ ಎಂದು ನನಗೆ ಗೊತ್ತಾದದ್ದು ಆ ಸ್ಟೂಲಿನ ಮೇಲೆ, ಮೊದಲ ಎರಡು ನಿಮಿಷದಲ್ಲಿ. ಅಕ್ಷರ ಬರುತ್ತಿತ್ತು, ನಾನು ಮೊದಲ ಪದ ಓದುವಷ್ಟರಲ್ಲಿ ಹೋಗುತ್ತಿತ್ತು. ಬಿಳಿ ಅಕ್ಷರ ಬೇರೆ. ಸಿನಿಮಾದವರು ಮಾತಾಡುವುದೆಲ್ಲ ಬಿಳಿ ಮೇಜುವಸ್ತ್ರದ ಮುಂದೆ, ಸುಣ್ಣದ ಗೋಡೆಯ ಮುಂದೆ. ಬಿಳಿಯ ಮೇಲೆ ಬಿಳಿ ಕರಗಿ ಹೋಗುತ್ತಿತ್ತು. ಸಿಕ್ಕಿದ್ದನ್ನು ನಾನು ಪುಸ್ತಕದ ಕನ್ನಡದಲ್ಲಿ ಹೇಳಿದೆ: “ಮಹನೀಯರೇ, ಚುನಾವಣೆಯು ಸಮೀಪಿಸುತ್ತಿದೆ.” ಕ್ಲಬ್ಬೆಲ್ಲ ಗೊಳ್ಳೆಂದಿತು. ಹಿಂದಿನಿಂದ ಒಬ್ಬ ತೆಲುಗಿನಲ್ಲಿ “ಗಟ್ಟಿಗಾ ಚೆಪ್ಪಮ್ಮಾ” ಎಂದು ಕೂಗಿದ, ಜೋರಾಗಿ ಹೇಳಬೇಕಂತೆ. ಇನ್ನೊಬ್ಬಳಿಗೆ ತಮಿಳೇ ಬೇಕು. ನಾನು ನಿಲ್ಲಿಸಿ ಎಂದೆ. ರಿಮೋಟು ಹಿಡಿದಿದ್ದ ವೇಲು ತಾತ ಒತ್ತಿದ. ಆ ರಿಮೋಟಿನಲ್ಲಿ ಅರೆಗಳಿಗೆ ನಿಲ್ಲಿಸುವ ಗುಂಡಿ ಸವೆದು ಹೋಗಿತ್ತು. ಇನ್ನೊಂದು ಗುಂಡಿ ಒತ್ತಿದರೆ ಸಿನಿಮಾ ಮೊದಲಿನಿಂದ ಶುರು. ಇಟ್ಟಿಗೆ ಕಾರ್ಖಾನೆಯ ಗೋಡೆ ಕುಸಿದು ಕೆಲಸದವರು ಸಾಯುವುದರಿಂದ ಕಥೆ ಆರಂಭ. ಅದನ್ನು ನಾವು ಮೂರು ಸಲ ನೋಡಿದೆವು.

“ಆ ಗೋಡೆ ಇನ್ನೆಷ್ಟು ದಪ ಬೀಳ್ಬೇಕೋ ತಾತಾ!” ಯಾರೋ ಅರಚಿದರು. “ಸತ್ತೋರ್ನೇ ಸಾಯಿಸ್ತಾ ಇದ್ದೀಯಲ್ಲ!”

“ಈ ಪಾಪ ಬೇಗ ಓದಿದ್ರೆ ನಾ ಯಾಕೆ ನಿಲ್ಸೋದು?” ವೇಲು ತಾತ ನನ್ನ ಮೇಲೆ ಹಾಕಿದ.

ಅಂಗೈ ಬೆವರಿ ಮೈಕು ಜಾರುತ್ತಿತ್ತು. ಮುಂದಿನ ಸಾಲು ಬಂತು, ಹೋಯಿತು, ಒಂದು ಪದವೂ ನನಗೆ ಸಿಗಲಿಲ್ಲ. ಆಗ ಕತ್ತಲೊಳಗಿಂದ ಒಂದು ದನಿ ಶುರುವಾಯಿತು. ನಮ್ಮಜ್ಜಿ.

“ಆ ಕರೀ ಸೀರೆ ಎಂಗ್ಸು ಐತಲ್ಲ, ಅವ್ಳ ಗಂಡ ಗೋಡೆ ಬಿದ್ದು ಸತ್ತೋದ. ನೋಡ್ರಿ, ಎರಡ್ ತಟ್ಟೆ ಇಟ್ಟು ಒಂದ್ನ ವಾಪಸ್ ತೆಗ್ದಿಟ್ಲು. ಅಯ್ಯೋ ತಾಯೀ… ಆ ಪಕ್ಕದ್ಮನೆಯೋಳು ಬಂದವ್ಳಲ್ಲ, ಸಮಾಧಾನ ಯೋಳಕ್ಕಲ್ಲ, ಗೋಳು ನೋಡಕ್ಕೆ ಬಂದಿರೋದು.”

ಕರಿ ಗೌನು ಅಜ್ಜಿಗೆ ಕರಿ ಸೀರೆ. ಆದರೆ ಕ್ಲಬ್ಬಿನ ಗಲಾಟೆ ತಣ್ಣಗಾಯಿತು. ದಪ್ಪ ಹೆಂಗಸು ಪಕ್ಕದವರಿಗೆ ತಮಿಳಿನಲ್ಲಿ ದಾಟಿಸಿದಳು, ಹಿಂದೆ ಯಾರೋ ತೆಲುಗಿಗೆ. ಅಜ್ಜಿ ಹೇಳಿದ್ದು ಬಹುಮಟ್ಟಿಗೆ ಸರಿ ಎಂದು ಅಲ್ಲಿಲ್ಲಿ ಹಿಡಿದ ಒಂದೊಂದು ಪದದಿಂದ ನನಗೂ ಗೊತ್ತಾಗುತ್ತಿತ್ತು. ಹೆಮ್ಮೆಪಡಬೇಕಿತ್ತೇನೋ. ನನಗೆ ಉರಿದು ಹೋಯಿತು. ಹತ್ತು ವರ್ಷ ಗೋಡೆಯ ಮೇಲೆ ಕೂತು, ಸಗಣಿ ವಾಸನೆಯಲ್ಲಿ ಓದಿದ್ದು ನಾನು. ಕಥೆ ಹೇಳುವುದು, ಓದು ಬೇಡ ಅಂದ ಮುದುಕಿ. ಸೆಲ್ವಂ ಮಾಮ ನನ್ನ ಕೈಯಿಂದ ಮೈಕು ತೆಗೆದುಕೊಂಡು ಅಜ್ಜಿಯ ಕಡೆ ಹೋದಾಗ ನಾನು ಸ್ಟೂಲನ್ನಾದರೂ ಬಿಡಬಾರದೆಂದು ಗಟ್ಟಿಯಾಗಿ ಹಿಡಿದು ಕೂತೆ. ಕಣ್ಣು ಮಾತ್ರ ಅಕ್ಷರದ ಮೇಲಿಂದ ತೆಗೆಯಲಿಲ್ಲ. ಹಟ ಎಂದರೆ ಅದೊಂದೇ ನನಗೆ ಉಳಿದದ್ದು.

ಸಿನಿಮಾದಲ್ಲಿ ಅಧಿಕಾರಿಯೊಬ್ಬ ಆ ವಿಧವೆಯ ಮನೆಗೆ ಬಂದ. ಬಾಗಿಲಲ್ಲಿ ಹ್ಯಾಟು ತೆಗೆದ. ಮಗುವಿನ ಮೂಗು ತನ್ನ ಕರ್ಚೀಫಿನಿಂದ ಒರೆಸಿದ. ಕುರ್ಚಿಯ ತುದಿಯಲ್ಲಿ ಕೂತು, ಚೀಲದಿಂದ ಒಂದು ಕಾಗದ ತೆಗೆದು, ದೇವರ ಪುಸ್ತಕ ಓದಿದ ಹಾಗೆ ಮೆಲ್ಲಗೆ ಓದತೊಡಗಿದ.

“ಇವ್ನು ಒಳ್ಳೇನು,” ಅಜ್ಜಿ ಮೈಕಿನಲ್ಲಿ ಹೇಳಿದಳು. “ಮಕ ನೋಡ್ರಿ, ಏನ್ ಮರ್ಯಾದೆ! ಸರ್ಕಾರ್ದೋರು ಕಳ್ಸವ್ರೆ, ಗಂಡ ಸತ್ತಿದ್ಕೆ ಏನೋ ಅನ್ಕೂಲ ಮಾಡ್ಕೊಡ್ತಾರೆ. ಒತ್ತಮ್ಮಾ ಎಬ್ಬೆಟ್ಟು, ಒತ್ತು. ಮಕ್ಳಿಗಾಯ್ತದೆ.”

ಅವನು ಓದಿದ್ದಕ್ಕೆ ಕೆಳಗೆ ಬಂದ ಅಕ್ಷರ ಹಾಗೇ ಇತ್ತು: ಮಕ್ಕಳನ್ನು ಸರ್ಕಾರ ನೋಡಿಕೊಳ್ಳುತ್ತದೆ ಎಂದು. ಆಮೇಲೆ ಕಾಗದವನ್ನು ಹತ್ತಿರದಿಂದ ತೋರಿಸಿದರು. ಗೋಡೆ ತುಂಬ ಬಿಳಿ ಕಾಗದ. ಇಲ್ಲೂ ಕಾಣುವುದಿಲ್ಲ ಎಂದುಕೊಂಡೆ. ಆದರೆ ಕಾಗದ ಹಿಡಿದಿದ್ದ ಅವನ ತೋಳು ಕೆಳಗೆ ಅಡ್ಡ ಬಂದಿತ್ತು, ಕರಿ ಕೋಟಿನ ತೋಳು. ಅಕ್ಷರಗಳು ಅದರ ಮೇಲೆ ಬಿದ್ದವು. ಚಿಕ್ಕ ಚಿಕ್ಕ ಪದಗಳು, ನನ್ನ ಶಾಲೆಯ ಇಂಗ್ಲಿಷಿಗೆ ಎಟಕುವಂಥವು. ಓದಿದೆ. ಇನ್ನೊಂದು ಸಲ ಓದಿದೆ.

“ಅಜ್ಜೀ, ಸುಮ್ನಿರು!” ಮೈಕಿಲ್ಲದೆ ಕಿರುಚಿದೆ. “ಅವ್ನು ಓದಿದ್ದೊಂದು, ಕಾಗ್ದದಲ್ಲಿರೋದೊಂದು! ‘ನನ್ನ ಗಂಡ ಆವತ್ತು ಕೆಲಸಕ್ಕೇ ಹೋಗಿರಲಿಲ್ಲ’ ಅಂತ ಬರ್ದಿದೆ. ಎಬ್ಬೆಟ್ಟು ಒತ್ತಿದ್ರೆ ಅವ್ಳಿಗೆ ಏನೂ ಇಲ್ಲ. ಎಲೆಕ್ಷನ್‌ಗೆ ಮುಂಚೆ ಸತ್ತೋರ ಲೆಕ್ಕ ಅಳಿಸಕ್ಕೆ ಬಂದಿರೋದು ಅವ್ನು!”

ಗೋಡೆಯ ಮೇಲೆ ವಿಧವೆ ಕೈ ಮುಂದೆ ಚಾಚಿದಳು. ಪೆನ್ನಿಗೋ, ಕಾಗದಕ್ಕೋ, ಗೊತ್ತಿಲ್ಲ. ಕರೆಂಟು ಹೋಯಿತು.

ಬರುತ್ತದೆ ಬರುತ್ತದೆ ಎಂದು ಒಂದು ಗಂಟೆ ಕಾದರು. ಗೋಣಿಚೀಲ ಸರಿಸಿ, ಬೆವರು ಒರೆಸಿಕೊಂಡು, ಅವಳು ಒತ್ತಿದಳೋ ಇಲ್ಲವೋ ಎಂದು ಮೂರು ಭಾಷೆಯಲ್ಲಿ ಜಗಳವಾಡಿದರು. ಗಣಿ ಮುಚ್ಚಿದಾಗ ತಾವು ಯಾವ ಕಾಗದಕ್ಕೆ ಸಹಿ ಹಾಕಿದೆವು ಎಂಬಲ್ಲಿಗೆ ಜಗಳ ಹೋಯಿತು, ಇಬ್ಬರು ಎದ್ದು ಹೋದರು. ಕರೆಂಟು ಬರಲಿಲ್ಲ. ಅಪ್ಪ ಮೂರು ಸಲ ಕೆಮ್ಮಿ ಸರ್ಟಿಫಿಕೇಟಿನ ಮಾತೆತ್ತಿದ. ಸೆಲ್ವಂ ಮಾಮ ಒಳ್ಳೆಯವನೇ, ಆದರೆ ನಿಯಮದವನು.

“ಪಡಂ ಮುಗೀಲಿಲ್ಲಲ್ಲ ನಾರಾಯಣ. ಪೂರ್ತಿ ಹೇಳ್ದೋರಿಗೆ ಮಾತ್ರ ಕೊಡೋದು. ಮುಂದಿನ ಸಲ ಪಾಕಲಾಂ.”

ಪಾಕಲಾಂ ಎಂದರೆ ತಮಿಳಿನಲ್ಲಿ ನೋಡೋಣ. ನನಗೆ ಅಲ್ಲೇ ನೆಲಕ್ಕೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮುಂದಿನ ಸಲ ಬರಲೇ ಇಲ್ಲ, ಆ ಸಿ.ಡಿ. ಏನಾಯಿತೋ, ಕ್ಲಬ್ಬಿಗೆ ಈಗ ಬೀಗ. ಸಿನಿಮಾದ ಹೆಸರು ಸೆಲ್ವಂ ಮಾಮ ಒಂದೊಂದು ಸಲ ಒಂದೊಂದು ಹೇಳುತ್ತಿದ್ದ. ಅವಳು ಒತ್ತಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಬಸ್ಸಿನಲ್ಲಿ ಅಜ್ಜಿ ಎಲೆ ಕೂಡ ಹಾಕಲಿಲ್ಲ. ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡು ಕಿಟಕಿಯ ಆಚೆ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳನ್ನು ನೋಡುತ್ತಿದ್ದಳು. ಎಲ್ಲರ ಮುಂದೆ ಸುಮ್ಮನಿರು ಅಂದದ್ದಕ್ಕೆ ಸಿಟ್ಟು ಎಂದುಕೊಂಡು ನಾನೂ ಮುಖ ತಿರುಗಿಸಿ ಕೂತೆ. ಕ್ಷಮಿಸು ಅನ್ನುವ ಮನಸ್ಸಿರಲಿಲ್ಲ. ನಾಳೆ ಸೋಮವಾರ, ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದಾಗ ಸಂಜೆಯ ಹಾಲು ಕರೆಯುವ ಹೊತ್ತು. ದೊಡ್ಡಪ್ಪ ಕೆಚ್ಚಲಿನ ಕೆಳಗೆ ಚೊಂಬು ಹಿಡಿದು ಕೂತಿದ್ದ.

“ಏನಮ್ಮಿ, ಕೊಟ್ರಾ ಸರ್ಟಿಪೀಟು?”

“ಇಲ್ಲ,” ಅಂದೆ.

“ನಾನೇಳ್ಲಿಲ್ವಾ ನಾರಾಯ್ಣ? ಆಗೋ ಮಾತಲ್ಲ ಅಂತ.”

ಅಪ್ಪ ಬಾಯಿ ತೆರೆದ. ನೋಡಾಣ ಅನ್ನುವ ಮೊದಲು ಅಜ್ಜಿ ಮೊಣಕಾಲೆತ್ತರದ ಗೋಡೆಯ ಮೇಲೆ, ನಾನು ಓದುವ ಜಾಗದಲ್ಲಿ, ಕೂತಳು.

“ಮುನ್ವೆಂಕ್ಟ, ನೀನು ಇಸ್ಕೂಲ್ ಬಿಟ್ಟಿದ್ದು ಯಾಕ್ಲಾ?”

“ಈಗ್ಯಾಕವ್ವ ಅದೆಲ್ಲ? ತಲೇಗತ್ಲಿಲ್ಲ, ಬಿಟ್ಟೆ.”

“ಅಂಗಂತ ಯೋಳ್ದೋಳು ನಾನು. ನಿನ್ ತಲೆ ಚೆನ್ನಾಗೇ ಇತ್ತು. ಮೇಷ್ಟ್ರು ಎರಡ್ ದಪ ಮನೇಗ್ ಬಂದು ಕಳ್ಸಮ್ಮಾ ಅಂದ್ರು. ಒಲ ಓಗಿತ್ತು, ಒಟ್ಟೆಗಿರ್ಲಿಲ್ಲ, ನಿನ್ನ ಅಸ ಕಾಯಕ್ಕೆ ಅಟ್ಟಿದೆ. ಒಲ ಓಗಿದ್ದು ಈ ಎಬ್ಬೆಟ್ನಿಂದ. ಆ ಬೋಳಿಮಗ ಕಾಗ್ದ ಓದ್ದ, ನಾನವ್ನ ಮಕ ನೋಡ್ಕೊಂಡು ಕೂತಿದ್ದೆ.”

ಚೊಂಬಿಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು. ದೊಡ್ಡಪ್ಪ ಹಸುವಿನ ಹೊಟ್ಟೆಗೆ ಹಣೆ ಆನಿಸಿದ. ಐವತ್ತು ದಾಟಿದ ಗಂಡಸು, ಅಷ್ಟು ವರ್ಷ ನೆಂಟರ ಮುಂದೆ ನಕ್ಕವನು. ಬಹಳ ಹೊತ್ತಿನ ಮೇಲೆ ಅವನ ಕೈ ಮತ್ತೆ ಆಡಿತು.

ನಾನು ಆಮೇಲೆ ಬಿ.ಎ. ಮುಗಿಸಿದೆ. ಬಸ್ಸು ತಪ್ಪಿದ ದಿನ ನಡೆದು, ಒಂದು ಪೇಪರು ಎರಡು ಸಲ ಕಟ್ಟಿ, ನಮ್ಮ ಮನೆತನದಲ್ಲೇ ಮೊದಲಿಗಳಾಗಿ. ಅಜ್ಜಿಯ ಆಶೀರ್ವಾದ ಎಂದು ಜನ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ, ಓದಿದ್ದು ನಾನು. ಡಿಗ್ರಿ ಸರ್ಟಿಫಿಕೇಟು ಟಪಾಲಿನಲ್ಲಿ ಬಂತು, ಸಹಿ ಹಾಕಿ ತೆಗೆದುಕೊಂಡೆ. ಕೈಯಿಂದ ಕೈಗೆ ಕೊಟ್ಟ ಕಾಗದವೆಂದರೆ ಕ್ಲಬ್ಬಿನಿಂದ ಬಂದ ಆ ಭಾನುವಾರದ ಸಂಜೆಯದೇ. ಅಜ್ಜಿ ಸೊಂಟದ ಚೀಲ ಬಿಚ್ಚಿ ಬೀಗ ತೆಗೆದಳು. ಟ್ರಂಕಿನ ತಳದಿಂದ ನನ್ನ ಟಿ.ಸಿ. ಎತ್ತಿ, ಸೆರಗಿನಿಂದ ಒರೆಸಿ, ನನಗೆ ಕೊಡಲು ಬಂದವಳು ತುದಿ ಬಿಡಲಿಲ್ಲ.

“ಇದ್ರಾಗೇನೈತೆ ಓದೇಳು. ಪೂರ್ತಿ. ನಡ್ವೆ ಬಿಟ್ಟೀಯ, ಜೋಕೆ.”

ಓದಿದೆ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಶಾಲೆಗೆ ಸೇರಿದ್ದು, ಬಿಟ್ಟದ್ದು. ಒಂದೊಂದಕ್ಕೂ ಅಜ್ಜಿ ತಲೆ ಆಡಿಸಿದಳು. ಕೊನೆಯ ಸಾಲಿನಲ್ಲಿ ‘ನಡತೆ: ತೃಪ್ತಿಕರ’ ಎಂದಿತ್ತು. ಅಂದರೆ ಏನು ಎಂದು ಕೇಳಿದಳು. ಒಳ್ಳೇ ಹುಡುಗಿ ಅಂತ, ಎಂದೆ.

“ಅಂಗಂತ ಬರ್ದವ್ರಾ?” ಅಜ್ಜಿ ಕಾಗದದ ತುದಿ ಬಿಟ್ಟಳು. “ನೀನು ನನ್ಮೇಲೆ ಕಿರ್ಚಿದ್ದು ಕೇಳಕ್ಕೆ ಇವತ್ತು ಕ್ಲಬ್ಬಿಗೆ ಬಂದಿರ್ಲಿಲ್ಲ ಬಿಡು ಅವ್ರು. ಓಗು, ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಓಗು.”